ಆಡು ತಿಂದ ನಲವತ್ತು ಬಳ್ಳಿ

ದೇವದುರ್ಗದಿಂದ ರಾಯಚೂರಿನ ಕಡೆ ಹೊರಟರೆ ಎರಡು ಹರದಾರಿ ದಾಟುವಷ್ಟರಲ್ಲಿ ಎಡಕ್ಕೊಂದು ಗುಡ್ಡ ಸಿಗುತ್ತದೆ. ಹುಲ್ಲು ಕೂಡ ಒಲ್ಲದ ಮನಸ್ಸಿನಿಂದ ಬೆಳೆಯುವ ಗುಡ್ಡ. ಅದಕ್ಕೆ ಬೋಳುಗುಡ್ಡ ಅಂತಲೇ ಹೆಸರು. ಅಲ್ಲಿ ದ್ರಾಕ್ಷಿ ತೋಟ ಮಾಡುತ್ತೇನೆಂದು ಗುಲ್ಶನ್ ಬೇಗಂ ಹೇಳಿದಾಗ ಸುತ್ತಲಿನ ನಾಲ್ಕು ಊರು ನಕ್ಕವು. ನಕ್ಕವರಲ್ಲಿ ಕುರುಬರ ಬೂದೆಮ್ಮನೂ ಒಬ್ಬಳು. ಆಗ ಅವಳಿನ್ನೂ ಹದಿಮೂರರ ಹುಡುಗಿ, ಕುರಿ ಹಿಂದೆ ಅದೇ ಗುಡ್ಡ ಹತ್ತಿ ಇಳಿಯುತ್ತಿದ್ದವಳು. ಆ ನಗುವಿಗೆ ಮುಂದೆ ಅವಳು ಪಟ್ಟ ನಾಚಿಕೆ ಅಷ್ಟಿಷ್ಟಲ್ಲ.

ಬೇಗಂ ರಾಯಚೂರಿನವರು. ಅವರ ಮಾವ ನಿಜಾಮರ ಕಾಲದಲ್ಲಿ ಪೇಶಕಾರರಾಗಿದ್ದವರು. ಬೇರೆ ಯಾರೂ ಬೇಡವೆಂದ ಈ ಗುಡ್ಡ ಅವರ ಪಾಲಿಗೆ ಬಂದಿತ್ತು. ಗಂಡ ತೀರಿಕೊಂಡ ಮೇಲೆ ನೆಂಟರೆಲ್ಲ ಗುಡ್ಡ ಮಾರಿಬಿಡು ಎಂದರು. ಕೊಳ್ಳುವವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಬೇಗಂ ಹೈದರಾಬಾದಿಗೆ ಹೋಗಿ, ಸೋದರಮಾವನ ಅಂಗಳದ ಚಪ್ಪರದಿಂದ ಅನಾಬ್-ಎ-ಶಾಹಿ ದ್ರಾಕ್ಷಿಯ ಕಡ್ಡಿ ಕತ್ತರಿಸಿಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ರಾಯಚೂರಿಗೆ ತಂದರು. ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ತಾವೇ ಗೋಣಿಗೆ ನೀರು ಚಿಮುಕಿಸುತ್ತ ಬಂದರಂತೆ. ವಡ್ಡರು ಗುಡ್ಡದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಒಡ್ಡು ಕಟ್ಟಿದರು. ಆಳೆತ್ತರದ ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರ ಹಾಕಿದರು. ಕೆಳಗೆ ಬಂಡೆ ಒಡೆದು ಬಾವಿ ತೋಡಿದರು.

ನಾಲ್ಕನೆಯ ವರ್ಷ ಹಣ್ಣು ಬಂತು. ಉದ್ದುದ್ದ ಕಾಯಿ, ಜೇನಿನ ಬಣ್ಣ, ಬಾಯಿಗಿಟ್ಟರೆ ಸಕ್ಕರೆ. ನಕ್ಕವರೆಲ್ಲ ಒಂದೊಂದು ಗೊಂಚಲು ಇಸಿದುಕೊಂಡು ತಿಂದು ಸುಮ್ಮನಾದರು. ಅದನ್ನು ನೋಡಿ ಮಾನ್ವಿಯ ಅಕ್ಕಿ ಮಿಲ್ಲಿನ ಸಾಹುಕಾರರು ಕೆಳಗಿನ ಇಳಿಜಾರು ಹಿಡಿದರು, ಅದು ನಡುತೋಟವಾಯಿತು. ಅದರ ಕೆಳಗೆ ರಾಯಚೂರಿನ ಒಬ್ಬ ವಕೀಲರು ಕಪ್ಪು ದ್ರಾಕ್ಷಿ ಹಾಕಿದರು. ಅದು ತಿನ್ನುವುದಕ್ಕಲ್ಲ, ಹೈದರಾಬಾದಿನ ಕಡೆ ವೈನ್ ಮಾಡುವ ಕಾರ್ಖಾನೆಗೆ ಲಾರಿಯಲ್ಲಿ ಹೋಗುತ್ತಿತ್ತು. ಊರವರು ಅದನ್ನು ‘ಕುಡಿಯೋ ತೋಟ’ ಎಂದು ಕರೆದು, ವಕೀಲರು ಕಂಡಾಗ ಮಾತ್ರ ‘ಕೆಳತೋಟ’ ಎನ್ನುತ್ತಿದ್ದರು. ಹೀಗೆ ಹತ್ತು ವರ್ಷದಲ್ಲಿ ಬೋಳುಗುಡ್ಡ ಸೊಂಟದ ತನಕ ಹಸಿರು ಉಟ್ಟುಕೊಂಡು ನಿಂತಿತು.

ಇಷ್ಟು ತೋಟದ ಕಥೆ. ಬೂದೆಮ್ಮನ ಕಥೆ ಇದಕ್ಕೆ ಸೇರಿಕೊಂಡದ್ದು ಎಪ್ಪತ್ನಾಲ್ಕರಲ್ಲಿ. ಸೇರಿಕೊಂಡದ್ದು ಅವಳ ಆಡುಗಳ ಬಾಯಿಂದ.

ಆ ವರ್ಷ ಬೇಗಂ ತಮ್ಮ ತೋಟಕ್ಕೆ ಇನ್ನೊಂದು ಪಟ್ಟಿ ಸೇರಿಸಬೇಕೆಂದು ಮೇಲ್ಗಡೆ ನೆಲ ಹದ ಮಾಡಿಸಿದ್ದರು. ಗೊಬ್ಬರಕ್ಕೆ ಒಂಬತ್ತು ರಾತ್ರಿ ಅಲ್ಲಿ ಕುರಿ ತರುಬಬೇಕು. ಅಂದರೆ ಹಿಂಡನ್ನು ರಾತ್ರಿ ಆ ನೆಲದಲ್ಲೇ ಮಲಗಿಸಬೇಕು, ಹಿಕ್ಕೆಯೂ ಗಂಜಲವೂ ಅಲ್ಲೇ ಬೀಳಬೇಕು. ಅದಕ್ಕೆ ಕುರಿಯವರಿಗೆ ಜೋಳ ಕೊಡುವುದು ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ. ಬೂದೆಮ್ಮನ ಗಂಡ ಅಂಬಣ್ಣ ದೊಡ್ಡ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದ. ಮನೆಯಲ್ಲಿ ಉಳಿದ ಅರವತ್ತು ಕುರಿಗಳ ಜೊತೆ ಬಂದವಳು ಬೂದೆಮ್ಮ.

“ಕುರಿ ತಾ. ಆಡು ಬ್ಯಾಡ,” ಎಂದು ಬೇಗಂ ಮೊದಲೇ ಹೇಳಿದ್ದರು. “ಕುರಿ ನೆಲಾ ನೋಡ್ತದ, ಆಡು ಆಕಾಶಾ ನೋಡ್ತದ. ನನ್ನ ಚಪ್ಪರ ಎಳೀ ಚಿಗುರಿನಾಗ ಅದ.”

ಆದರೆ ಹಿಂಡಿನಲ್ಲಿ ಎರಡು ತಬ್ಬಲಿ ಕುರಿಮರಿ ಇದ್ದವು. ತಬ್ಬಲಿ ಮರಿಗೆ ಆಡಿನ ಹಾಲು ಕುಡಿಸಿ ಬದುಕಿಸುವುದು ಕುರುಬರ ಮನೆಯಲ್ಲಿ ಹೊಸದಲ್ಲ. ಪ್ರತಿ ಹಿಂಡಿನಲ್ಲೂ ನಾಲ್ಕಾರು ಆಡು ಇರುವುದೇ ಅದಕ್ಕೆ. ಬೂದೆಮ್ಮ ಅಂಗಲಾಚಿದಳು. “ಕಟ್ಟಿ ಹಾಕ್ತೀನಿರೀ ಬೇಗಂ ಸಾಹೇಬ್ರ. ಬೀರಪ್ಪನಾಣಿ, ಒಂದೂ ಬಿಡೂದಿಲ್ಲ.” ಬೇಗಂ ಆ ಎರಡು ಮರಿಗಳನ್ನು ನೋಡಿದರು, ಕರಗಿದರು, ಒಪ್ಪಿದರು.

ತೋಟಕ್ಕೆ ಕಾವಲುಗಾರ ಮೌನಪ್ಪ. ಆಗಲೇ ಐವತ್ತೈದು ದಾಟಿದ್ದ. ಹೆಂಡತಿ ಇಲ್ಲ. ಮಗಳು ಪಾರ್ವತೆಮ್ಮನನ್ನು ಮಾನ್ವಿಗೆ ಕೊಟ್ಟಿದ್ದ. ಹೆಸರು ಮೌನಪ್ಪನಾದರೂ ಬಾಯಿ ತುಂಬ ಮಾತು. ಬೂದೆಮ್ಮ ಬಂದ ದಿನದಿಂದ ಅವಳಿಗೆ ಮಜ್ಜಿಗೆ, ಉಳ್ಳಾಗಡ್ಡಿ, ಊರ ಸುದ್ದಿ ಎಲ್ಲ ಅವನಿಂದಲೇ. ಹೊಸ ಪಟ್ಟಿಗೂ ಬಳ್ಳಿಯ ಪಟ್ಟಿಗೂ ನಡುವೆ ಕಲ್ಲಿನ ಗೋಡೆ, ಗೋಡೆಗೊಂದು ತಂತಿ ಗೇಟು. ಸಂಜೆಯಾಗುತ್ತಲೇ ಮೌನಪ್ಪ ಗೇಟು ಹಾಕಿ ಕೊಂಡಿ ಸಿಗಿಸುತ್ತಿದ್ದ. ಬೂದೆಮ್ಮ ಆರು ಆಡನ್ನೂ ಒಂದೇ ದಾವಣಿ ಹಗ್ಗಕ್ಕೆ ಸಾಲಾಗಿ ಕಟ್ಟುತ್ತಿದ್ದಳು. ಆ ಹಗ್ಗದಲ್ಲಿ ತುದಿಯ ಗಂಟೇ ಮುಖ್ಯ, ಅದು ಬಿಚ್ಚಿದರೆ ಉಳಿದ ಐದೂ ಸಡಿಲ. ತುದಿಯಲ್ಲಿ ಅವಳ ಹಾಲಿನ ಆಡು.

ಏಳು ರಾತ್ರಿ ಏನೂ ಆಗಲಿಲ್ಲ. ಎಂಟನೆಯ ಸಂಜೆ, ಮೌನಪ್ಪ ಗೇಟು ಹಾಕಿದ್ದನ್ನು ಕಣ್ಣಾರೆ ಕಂಡು, ಉಂಡು ಮಲಗುವ ಹೊತ್ತಿಗೆ ತಬ್ಬಲಿ ಮರಿಗಳು ಅರಚತೊಡಗಿದವು. ಬೂದೆಮ್ಮ ಎದ್ದು ತುದಿಯ ಗಂಟು ಬಿಚ್ಚಿ ಹಾಲಿನ ಆಡನ್ನು ಮರಿಗಳ ಬಳಿ ಬಿಟ್ಟಳು. ಕುಡಿಯಲಿ, ಆಮೇಲೆ ಕಟ್ಟಿದರಾಯಿತು ಎಂದು ಕಂಬಳಿ ಹೊದ್ದು ಕೂತಳು. ಹಗಲೆಲ್ಲ ಬಿಸಿಲಿನಲ್ಲಿ ಕುರಿ ಮೇಯಿಸಿದ ದೇಹ. ಕೂತಲ್ಲೇ ಕಣ್ಣು ಹತ್ತಿತು. ಎಚ್ಚರವಾದಾಗ ಕೋಳಿ ಕೂಗಿ ಮುಗಿದು ಮೂಡಣ ಬೆಳ್ಳಗಾಗಿತ್ತು.

ದಾವಣಿ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಗೇಟು ಹಾರು ಹೊಡೆದಿತ್ತು.

ಗುಡ್ಡದ ತೋಟದ ಲೆಕ್ಕವೇ ಬೇರೆ. ಬಯಲಿನಲ್ಲಾದರೆ ಚಪ್ಪರ ಆಡಿನ ಬಾಯಿಗೆ ಎಟುಕುವುದಿಲ್ಲ. ಇಲ್ಲಿ ಮೇಲಿನ ಮೆಟ್ಟಿಲಿನ ಒಡ್ಡಿನ ಮೇಲೆ ನಿಂತರೆ ಕೆಳಗಿನ ಮೆಟ್ಟಿಲಿನ ಚಪ್ಪರ ಸರಿಯಾಗಿ ಮೂತಿಯ ಮಟ್ಟಕ್ಕೆ ಬರುತ್ತದೆ. ಆರು ಆಡುಗಳೂ ಒಡ್ಡಿನ ಮೇಲೆ ಸಾಲಾಗಿ ನಿಂತು, ಮದುವೆಯ ಪಂಕ್ತಿಯಲ್ಲಿ ಕೂತವರ ಹಾಗೆ ನಿಧಾನವಾಗಿ ತಿನ್ನುತ್ತಿದ್ದವು. ಹಣ್ಣು ಕೊಯ್ದು, ಬಳ್ಳಿ ಸವರಿ, ಹೊಸ ಚಿಗುರು ಮೊಳಕೈ ಉದ್ದ ಬಂದಿದ್ದ ಹೊತ್ತು. ಬರುವ ವರ್ಷದ ಹಣ್ಣೆಲ್ಲ ಆ ಚಿಗುರಿನ ಮೇಲೇ ನಿಂತಿರುತ್ತದೆ. ಎಣಿಸಿದರೆ ನಲವತ್ತು ಬಳ್ಳಿ.

ಬೇಗಂ ಆ ವಾರ ತೋಟದ ಮನೆಯಲ್ಲೇ ಇದ್ದರು. ಬಂದು ನೋಡಿದರು. ಬಾಯಿ ಮಾಡಲಿಲ್ಲ. ಬಾಯಿ ಮಾಡಿದ್ದರೆ ಬೂದೆಮ್ಮನಿಗೆ ಇನ್ನೂ ಸಲೀಸಾಗುತ್ತಿತ್ತು. ಹೈದರಾಬಾದಿನಿಂದ ತಂದ ಮೊದಲ ಕಡ್ಡಿಗಳನ್ನು ನೆಟ್ಟದ್ದು ಅದೇ ಸಾಲಿನಲ್ಲಿ.

“ಆಡು ಕಟ್ಟಿದ್ದಿಲ್ಲೇನು ಬೂದೆಮ್ಮ?”

“ಕಟ್ಟಿದ್ದೆರೀ,” ಎಂದಳು ಬೂದೆಮ್ಮ. ಕಟ್ಟಿದ್ದು ನಿಜ. ಬಿಚ್ಚಿದ್ದೂ ನಿಜ. ಆ ಎರಡನೆಯ ಮಾತು ತುಟಿಯ ಹತ್ತಿರ ನಿಂತಿತ್ತು. ಅಷ್ಟರಲ್ಲಿ ಅವಳ ಹಿಂದಿನಿಂದ ಮೌನಪ್ಪ ಮುಂದೆ ಬಂದ. ರುಮಾಲು ಕೈಯಲ್ಲಿತ್ತು.

“ಆಕೀದೇನೂ ತಪ್ಪಿಲ್ಲರೀ. ಗೇಟು ನಾನೇ ತೆಗೆದಿಟ್ಟಿದ್ದೆ.”

ಬೂದೆಮ್ಮ ಅವನ ಮುಖ ನೋಡಿದಳು. ಅವನು ಗೇಟು ಹಾಕಿದ್ದನ್ನು ಅವಳು ನೋಡಿದ್ದಳಲ್ಲ! ಕೊಂಡಿಯನ್ನು ಯಾವ ಆಡೋ ಎಬ್ಬಿಸಿರಬೇಕು. ಈ ಮುದುಕ ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಾನೆ. ಹಾಗೆ ಅಂದುಕೊಂಡಳು. ಬೇಗಂ ತೋಟದಲ್ಲಿ ಎರಡೇ ಕಟ್ಟಳೆ: ಚಪ್ಪರದ ಕೆಳಗೆ ಬೀಡಿ ಸೇದಬಾರದು, ಗೇಟು ತೆರೆದಿಡಬಾರದು. ಎರಡರಲ್ಲಿ ಯಾವುದನ್ನು ಮುರಿದರೂ ಮರುದಿನ ಕೆಲಸವಿಲ್ಲ. ಅದು ಗುಡ್ಡಕ್ಕೆಲ್ಲ ಗೊತ್ತು. ತಪ್ಪು ತನ್ನದು ಎಂದರೆ ಆರು ಆಡು ಬಂದೀದೊಡ್ಡಿಗೆ ಹೋಗುತ್ತವೆ, ಎರಡು ಮರಿ ಸಾಯುತ್ತವೆ, ಗಂಡನ ಮನೆಯಲ್ಲಿ ಮುಖ ತೋರಿಸುವ ಹಾಗಿಲ್ಲ. ಬೂದೆಮ್ಮ ತುಟಿಯ ಮಾತನ್ನು ನುಂಗಿದಳು. ಇಪ್ಪತ್ತಾರು ವರ್ಷದ ಹೆಂಗಸು, ಹೆದರಿದಳು. ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಮೌನಪ್ಪ ಕಂಬಳಿ, ಕೋಲು, ಒಂದು ತಾಮ್ರದ ತಂಬಿಗೆ ಹಿಡಿದು ಗುಡ್ಡ ಇಳಿದು ಹೋದ. ಹೋಗುವಾಗ ಅವಳ ಕಡೆ ತಿರುಗಿ, “ಮರಿ ಜೋಪಾನ ಬೇ,” ಎಂದ.

ಬೇಗಂ ಬೂದೆಮ್ಮನಿಗೆ ಹೇಳಿದ್ದು ಇಷ್ಟೇ: “ತಿಂದದ್ದು ನಿನ್ನ ಆಡು. ಈ ನಲವತ್ತೂ ಬಳ್ಳಿ ಹಣ್ಣು ಬಿಡೂ ತನಕ ನೀನೇ ನೋಡ್ಕಬೇಕು.”

ಅವಳು ನೋಡಿಕೊಂಡದ್ದು ಹೇಗೆಂದರೆ, ಕಾಲು ಮುರಿದ ಕುರಿಯನ್ನು ನೋಡಿಕೊಂಡ ಹಾಗೆ. ಅವಳಿಗೆ ಗೊತ್ತಿದ್ದ ಆರೈಕೆ ಅದೊಂದೇ. ಬೆಳಿಗ್ಗೆ ಎದ್ದು ಪ್ರತಿ ಬಳ್ಳಿಯ ಮೈ ಮುಟ್ಟಿ ನೋಡುವಳು. ಸಿಗಿದ ಕಡೆ ಸಗಣಿ ಮಣ್ಣು ಮೆತ್ತುವಳು. ಮುರಿದು ನೇತಾಡುವ ಕವಲಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತುವಳು. ಬಾವಿಯಿಂದ ಕೊಡದಲ್ಲಿ ನೀರು ಹೊತ್ತಳು. ಬೇಗಂ ಸವರುವ ಕತ್ತರಿ ಹಿಡಿಯುವುದನ್ನು ಕಲಿಸಿದರು, ಕಡ್ಡಿಯ ಕಣ್ಣು ಎಣಿಸುವುದನ್ನು ಕಲಿಸಿದರು. ಬೇಗಂ ಕೈಹಿಡಿದು ಕಲಿಸುತ್ತಿರುವಾಗಲೆಲ್ಲ ಬೂದೆಮ್ಮನ ಹೊಟ್ಟೆಯೊಳಗೆ ಒಂದು ಮುಳ್ಳು ಆಡುತ್ತಿತ್ತು. ಈ ಕೆಲಸ, ಈ ವಿದ್ಯೆ, ಬದುಕಿರುವ ತನ್ನ ಆಡುಗಳು, ಎಲ್ಲ ಆ ಮುದುಕ ಕೊಟ್ಟು ಹೋದದ್ದು. ಹಣ್ಣು ಬಂದ ದಿನ ಮೊದಲ ಬುಟ್ಟಿ ಅವನಿಗೆ. ಕೊಟ್ಟು, ಕಾಲು ಮುಟ್ಟಿ, ದಾವಣಿ ಬಿಚ್ಚಿದವಳು ನಾನು ಎಂದು ಹೇಳಿಬಿಡುವುದು. ಮನಸ್ಸಿನಲ್ಲೇ ಹರಕೆ ಹೊತ್ತಳು.

ಮರು ವರ್ಷ ಫಾಲ್ಗುಣದಲ್ಲಿ ನಲವತ್ತು ಬಳ್ಳಿಯಲ್ಲಿ ಇಪ್ಪತ್ತೈದು ಬರೀ ಎಲೆ ತೋರಿಸಿದವು. ಉಳಿದ ಹದಿನೈದು ತೋರಿಸಿದ ಗೊಂಚಲು ಕಂಡು ಬೇಗಂ ಬೆರಗಾದರು. ಆಡು ಬಾಯಿಡದ ಬಳ್ಳಿಗಿಂತ ಜಾಸ್ತಿ! ಬೂದೆಮ್ಮನಿಗೆ ಮಾತ್ರ ಯಾವ ಬಳ್ಳಿಯನ್ನು ಯಾವ ಆಡು ತಿಂದಿತ್ತೆಂಬುದು ನೆನಪಿತ್ತು. ಆ ಹದಿನೈದು ಬಳ್ಳಿಯ ಕಡೆ ನಿಂತದ್ದು ಆರರಲ್ಲಿ ಒಂದಾದ ಅವಳ ಕುಂಟ ಆಡು. ಅದಕ್ಕೆ ಕತ್ತು ಚಾಚಲು ಬಾರದೆ ಬರೀ ತುದಿ ಕಡಿದಿತ್ತು. ಏಳೆಂಟು ಎಲೆ ಉಳಿದು, ಆ ಎಲೆಗಳ ಸಂದಿಯಿಂದ ಹೊಸ ಕುಡಿ ಒಡೆದು, ಹಣ್ಣು ಹಿಡಿದಿತ್ತು.

“ಏಳು ಎಲಿ ಬಿಟ್ಟು ತುದಿ ಚಿವುಟಿ ನೋಡಾಣೇನ್ರೀ?” ಎಂದು ಅಂಜುತ್ತ ಕೇಳಿದಳು.

“ಚಿವುಟು,” ಎಂದರು ಬೇಗಂ. “ನಿನ್ನ ಆಡು ಫುಕಟ್ಟು ಕಲಿಸೇದ.”

ಮೂರು ವರ್ಷದಲ್ಲಿ ನಡುತೋಟದವರೂ ಚಿವುಟಿಸಿದರು. ಕುಡಿಯೋ ತೋಟದ ವಕೀಲರಂತೂ ಚಿವುಟುವ ವಾರ ಬೂದೆಮ್ಮನನ್ನು ಕರೆಸಿ, ಕುರ್ಚಿ ಹಾಕಿಸಿ ಮಾತಾಡಿಸುತ್ತಿದ್ದರು. ಕುರ್ಚಿಯ ಮೇಲೆ ಅವಳು ಎಂದೂ ಕೂರಲಿಲ್ಲ, ಅದು ಬೇರೆ ಮಾತು. ಅವಳ ಕೈಕೆಳಗೆ ಹತ್ತು ಹೆಂಗಸರು ಕೆಲಸ ಕಲಿತರು. ಬೇಗಂ ಅವಳನ್ನು ತೋಟದ ಮೇಸ್ತ್ರಿ ಮಾಡಿದರು. ಕುರಿ ಕಾಯುವ ಮನೆಯ ಹೆಂಗಸು ಮೇಸ್ತ್ರಿಯಾದದ್ದು ಆ ಗುಡ್ಡದಲ್ಲಿ ಅದೇ ಮೊದಲು.

ಆ ಮೊದಲ ಬುಟ್ಟಿಯ ವಿಷಯಕ್ಕೆ ಬರೋಣ. ಎಪ್ಪತ್ತೈದರ ಮಾರ್ಚಿನಲ್ಲಿ ಬೂದೆಮ್ಮ ಆ ಹದಿನೈದು ಬಳ್ಳಿಯ ಹಣ್ಣು ಆರಿಸಿ, ಬುಟ್ಟಿಗೆ ಬಾಳೆಎಲೆ ಹಾಸಿ, ತೊಡೆಯ ಮೇಲಿಟ್ಟುಕೊಂಡು ಕೆಂಪು ಬಸ್ಸು ಹತ್ತಿದಳು. ಸಿರವಾರದಲ್ಲಿ ಇಳಿದು ಇನ್ನೊಂದು ಬಸ್ಸು. ಮಾನ್ವಿ ಹತ್ತಿರ ಬರುತ್ತಿದ್ದಂತೆ ಎರಡೂ ಕಡೆ ಕಾಲುವೆ ನೀರಿನ ಗದ್ದೆ. ಗುಡ್ಡದವಳಿಗೆ ಅಷ್ಟು ನೀರು ನೋಡಿ ತಲೆ ತಿರುಗಿದಂತಾಯಿತು. ಮೌನಪ್ಪ ಅಕ್ಕಿ ಮಿಲ್ಲಿನಲ್ಲಿ ಕಾವಲಿಗಿದ್ದ. ಮೈಮೇಲೆಲ್ಲ ತೌಡಿನ ಧೂಳು. ಅವಳನ್ನು ಕಂಡವನೇ ಕೋಲು ಕೆಳಗಿಟ್ಟು ಎದ್ದು ನಿಂತ.

“ಆ ನಲವತ್ತು ಬಳ್ಳೀದು ಕಾಕಾ,” ಎಂದಳು. ಮುಂದಿನ ಮಾತಿಗೆ ಬಾಯಿ ತೆರೆದಳು.

ಮುದುಕನ ಕಣ್ಣು ತುಂಬಿಬಿಟ್ಟಿತು. “ಬದುಕಿದ್ವು ಹೌದಲ್ಲ ಬೇ? ಬದುಕಿದ್ವಲ್ಲ!” ಎಂದು ಗೊಂಚಲನ್ನು ಹಣೆಗೆ ಒತ್ತಿಕೊಂಡ. ಅಷ್ಟು ಸಂತೋಷದ ಮುಂದೆ ತನ್ನ ಮಾತು ಇಡಲು ಅವಳಿಗೆ ಧೈರ್ಯವಾಗಲಿಲ್ಲ. ಮಗಳ ಮನೆಗೆ ಕರೆದುಕೊಂಡು ಹೋಗಿ ಉಣ್ಣಿಸಿದ. ಹೊರಡುವಾಗ ಪಾರ್ವತೆಮ್ಮ ಐದು ಸೇರು ಹೊಸ ಅಕ್ಕಿಯ ಗಂಟು ತಂದು ಮಡಿಲಿಗೆ ಹಾಕಿದಳು. ಬೇಡವೆಂದರೆ ಮೌನಪ್ಪ ಮುಖ ಬೇರೆ ಕಡೆ ಮಾಡಿ, “ತಗಾ ಬೇ, ನಿನಗ ಕೊಡಬೇಕಾದ್ದು ಭಾಳ ಅದ,” ಎಂದ. ಬೂದೆಮ್ಮನಿಗೆ ಅದು ಹೊರಲಾರದ ಗಂಟಾಯಿತು. ನೌಕರಿ ಕಳೆದುಕೊಂಡವನು ಕೊಡುತ್ತಾನೆ, ಕಳೆಸಿದವಳು ಇಸಿದುಕೊಳ್ಳುತ್ತಾಳೆ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಪಕ್ಕದಲ್ಲಿ ಕೂತವಳು ತವರಿನಿಂದ ಬರುತ್ತಿರಬೇಕೆಂದು ಸಮಾಧಾನ ಮಾಡಿದಳು.

ಮುಂದಿನ ವರ್ಷ ಹೇಳುತ್ತೇನೆ ಎಂದುಕೊಂಡಳು. ಮುಂದಿನ ವರ್ಷ ಪಾರ್ವತೆಮ್ಮನ ಬಾಣಂತನ. ಅದರ ಮುಂದಿನ ವರ್ಷ ಮೌನಪ್ಪನಿಗೆ ಜ್ವರ. ಹೇಳಬಾರದ ಕಾರಣಕ್ಕೆ ಬರವೆಲ್ಲಿ? ಪ್ರತಿ ವರ್ಷ ಬುಟ್ಟಿ ಹೋಯಿತು, ಅಕ್ಕಿ ಬಂತು. ಅವಳ ಮನೆಯಲ್ಲಿ ಹಬ್ಬದ ಅನ್ನವೆಂದರೆ ಮಾನ್ವಿಯ ಅಕ್ಕಿಯದೇ ಆಯಿತು. ಮೊದಲ ತುತ್ತಿಗೆ ಮುಂಚೆ ಅವಳು ಕೈ ಮುಗಿಯುತ್ತಿದ್ದಳು. ಅಂಬಣ್ಣ ದೇವರಿಗೆ ಎಂದು ತಿಳಿದಿದ್ದ.

ಎಂಬತ್ತು ದಾಟುತ್ತಲೇ ಗುಡ್ಡಕ್ಕೆ ದೃಷ್ಟಿ ಆಯಿತು. ವಿಜಾಪುರದ ಕಡೆಯಿಂದ ಬೀಜವಿಲ್ಲದ ದ್ರಾಕ್ಷಿ ರಾಯಚೂರಿನ ಪೇಟೆಗೆ ಇಳಿಯಿತು. ಸಣ್ಣ ಕಾಯಿ, ಬೇಗಂ ಅದನ್ನು ಕೈಯಲ್ಲಿ ಹಿಡಿದು, “ಇದೇನು, ದ್ರಾಕ್ಷಿ ಮರೀನಾ?” ಎಂದು ನಕ್ಕರು. ಪೇಟೆ ನಗಲಿಲ್ಲ. ಬೀಜ ಉಗುಳುವ ತಾಳ್ಮೆ ಜನಕ್ಕೆ ಇಲ್ಲದಾಯಿತು. ಕೆಳತೋಟದ ವಕೀಲರು ಮೊದಲು ಕಿತ್ತರು. ಕಾರ್ಖಾನೆಯ ಲಾರಿ ಬರುವುದು ನಿಂತಿತ್ತು. ಆಮೇಲೆ ನಡುತೋಟ. ಅಷ್ಟರಲ್ಲಿ ಗುಡ್ಡದ ಕಲ್ಲಿಗೇ ಬೆಲೆ ಬಂತು. ಇಪ್ಪತ್ತು ವರ್ಷ ಬಳ್ಳಿ ಹೊತ್ತು ನಿಂತ ಕಲ್ಲುಕಂಬಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದನ್ನು ಬೂದೆಮ್ಮ ನಿಂತು ನೋಡಿದಳು.

ಎಂಬತ್ತೇಳರ ಜನವರಿಯಲ್ಲಿ ಬೇಗಂ ಅವಳನ್ನು ರಾಯಚೂರಿನ ಮನೆಗೆ ಕರೆಸಿದರು. ಬಸ್ ನಿಲ್ದಾಣದಿಂದ ಆಟೋದಲ್ಲಿ ಬರಬೇಕೆಂದು ಹೇಳಿ ಕಳಿಸಿದ್ದರು. ಬೂದೆಮ್ಮ ನಡೆದೇ ಬಂದಳು. ಬೇಗಂ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಮಂಡಿ ನೋವಿನಿಂದ ಗುಡ್ಡ ಹತ್ತಿ ಎರಡು ವರ್ಷವಾಗಿತ್ತು.

“ಗುಡ್ಡ ಕೊಟ್ಟುಬಿಟ್ಟೆ ಬೂದೆಮ್ಮ. ಕಲ್ಲಿನವ್ರಿಗೆ. ಈ ಸುಗ್ಗಿ ಹಣ್ಣು ಕೊಯ್ಯೂ ತನಕ ಕಾಯ್ರಿ ಅಂದೀನಿ.” ದಿಂಬು ಸರಿ ಮಾಡಿಕೊಂಡು ಅಂದರು, “ನನ್ನ ತೋಟದಾಗ ಇಬ್ಬರು ಮನುಷ್ಯಾರನ್ನ ನೋಡೀನಿ. ಒಬ್ಬಾಕಿ ನೀನು. ಇನ್ನೊಬ್ಬ ಮೌನಪ್ಪ. ತಪ್ಪು ಮಾಡಿ, ಕೇಳೂಕಿಂತ ಮೊದಲೇ ನಾನೇ ಅಂತ ಹೇಳಿದ ಕಾವಲಿನವ ಅವನೊಬ್ಬನೇ. ಕಟ್ಟಳಿಗೆ ಬಿದ್ದು ಬಿಡಿಸಬೇಕಾತು. ಆದ್ರ ಅವತ್ತೇ ಮಾನ್ವಿ ಸಾಹುಕಾರ್ರಿಗೆ ಚೀಟಿ ಬರೆದು ಕೊಟ್ಟೆ. ಈ ಮನುಷ್ಯ ಸುಳ್ಳು ಹೇಳೂದಿಲ್ಲ, ಇಟ್ಕಾರಿ ಅಂತ.”

ಮಿಲ್ಲಿನ ಕೆಲಸ ಬೇಗಂ ಕೊಡಿಸಿದ್ದು ಎಂಬುದು ಬೂದೆಮ್ಮನಿಗೆ ಅವತ್ತೇ ಗೊತ್ತಾದದ್ದು. ಅವಳಿಗೆ ಬೇಗಂ ಪಾದ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದುಕೊಂಡಳು ಕೂಡ. ಬೇಗಂ, “ಛೀ ಛೀ, ಏನಿದು,” ಎಂದು ಅವಳ ತಲೆ ನೇವರಿಸಿದರು. ಆದರೆ ಹೊಟ್ಟೆಯ ಮುಳ್ಳು ಇನ್ನೂ ಒಳಕ್ಕೆ ಇಳಿಯಿತು. ಸುಳ್ಳು ಹೇಳದ ಮನುಷ್ಯ ಒಂದೇ ಒಂದು ಸುಳ್ಳು ಹೇಳಿದ್ದು ತನಗಾಗಿ. ಇದು ಕಡೆಯ ಬುಟ್ಟಿ. ಈ ಸಲ ಹೇಳದಿದ್ದರೆ ಇನ್ನು ಹೋಗುವುದಕ್ಕೆ ನೆಪವೂ ಇಲ್ಲ, ಹೇಳುವುದಕ್ಕೆ ಬಾಯಿಯೂ ಇಲ್ಲ.

ಮಾರ್ಚಿನಲ್ಲಿ ಕಡೆಯ ಹಣ್ಣು ಕೊಯ್ದಳು. ನಲವತ್ತೂ ಬಳ್ಳಿಯಿಂದ ಒಂದೊಂದು ಗೊಂಚಲು. ಹದಿಮೂರನೆಯ ಸಲ ಸಿರವಾರದಲ್ಲಿ ಬಸ್ಸು ಬದಲಿಸಿದಳು.

ಮೌನಪ್ಪ ಈಗ ಮಿಲ್ಲು ಬಿಟ್ಟು ಮಗಳ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದ. ಬುಟ್ಟಿ ಇಳಿಸಿದವಳೇ ಬೂದೆಮ್ಮ, ನೀರು ಕುಡಿ ಎನ್ನಲೂ ಬಿಡದೆ, ಅವನ ಎದುರು ನೆಲದ ಮೇಲೆ ಕೂತಳು.

“ಕಾಕಾ, ನಾ ಒಂದು ಹೇಳಬೇಕು. ನಡುವ ಬಾಯಿ ಹಾಕಬ್ಯಾಡ. ಅವತ್ತು ದಾವಣಿ ಬಿಚ್ಚಿದಾಕಿ ನಾನು. ಮರಿ ಒದರಾಕತ್ತಿದ್ವು ಅಂತ ಬಿಚ್ಚಿದೆ, ಬಿಚ್ಚಿ ಹಂಗೇ ನಿದ್ದಿ ಹೋದೆ. ನೀ ಗೇಟು ಹಾಕಿದ್ದು ನಾ ಕಣ್ಣಾರೆ ನೋಡೀನಿ. ನನ್ನ ಸಲುವಾಗಿ ಸುಳ್ಳು ಹೇಳಿ ಕೆಲಸ ಕಳಕೊಂಡಿ. ಹದಿಮೂರು ವರ್ಷ ಆತು, ಹೇಳಾಕ ನನಗ ಬಾಯಿ ಬರಲಿಲ್ಲ. ತಪ್ಪಾತು ಯಪ್ಪಾ.”

ಮೌನಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅವನ ಹೆಸರಿಗೆ ಅವನು ನ್ಯಾಯ ಸಲ್ಲಿಸಿದ್ದು ಅದೊಂದೇ ಸಲ ಇರಬೇಕು.

“ನೀ ಅವತ್ತು ರಾತ್ರಿ ನಿದ್ದಿ ಮಾಡಿದ್ದೇನು?” ಎಂದ ಕಡೆಗೆ.

“ಹೂಂ ಮತ್ತ.”

“ಬೆಳತನಾ?”

“ಬೆಳತನಾ.”

“ನಾ ಇಲ್ಲದ್ದು ನೀ ನೋಡ್ಲೇ ಇಲ್ಲ?”

“ನೀ ಎಲ್ಲಿಗೆ ಹೋಗಿದ್ದಿ?”

ಮುದುಕ ಸುತ್ತ ಒಮ್ಮೆ ನೋಡಿ ದನಿ ಇಳಿಸಿದ. “ಬಯಲಾಟಕ್ಕ ಹೋಗಿದ್ದೆ ಬೇ! ಗುಡ್ಡದಾಚಿ ಊರಾಗ ಬಯಲಾಟ ಇತ್ತು. ಮದ್ದಳಿ ಸಪ್ಪಳ ಕೇಳಿ ತಡಿಯಾಕ ಆಗಲಿಲ್ಲ. ಗೇಟು ಹಾಕಿ ಮಲಗಿದಾಂವ ಮತ್ತ ಎದ್ದು, ಒಳದಾರಿ ಸಮೀಪ ಅಂತ ಅದೇ ಗೇಟು ತೆಗೆದು ಹೋದೆ. ಕೊಂಡಿ ಹಾಕಿದ್ರ ಸಪ್ಪಳಾಗಿ ನೀ ಎಚ್ಚರಾಗ್ತಿ ಅಂತ ಹಂಗೇ ಬಿಟ್ಟೆ. ಗೇಟು ತೆರೆದಿಟ್ಟಾಂವ ನಾನೇ. ಅದರಾಗ ಸುಳ್ಳೆಲ್ಲಿ ಬಂತು? ಸುಳ್ಳಲ್ಲ, ಅರ್ಧಾ ಹೇಳಿದ್ದೆ.”

ಬೂದೆಮ್ಮ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ ಇನ್ನಷ್ಟು ಹತ್ತಿರ ಸರಿದಳು.

“ನನ್ನ ಹಾಸಿಗಿ ಖಾಲಿ ಇದ್ದದ್ದು ನೀ ನೋಡಿರ್ತಿ ಅಂತ ತಿಳ್ಕಂಡಿದ್ದೆ. ಕಾವಲಿನಾಂವ ಆಟ ನೋಡಾಕ ಹೋಗಿದ್ದ ಅಂತ ನೀ ಒಂದು ಮಾತು ಅಂದಿದ್ರ, ಬೇಗಂ ಚೀಟಿ ಎಲ್ಲೀದು, ಮಿಲ್ಲಿನ ಕೆಲಸ ಎಲ್ಲೀದು? ಯಾರು ಇಟ್ಕಂತಿದ್ರು ನನ್ನ? ಆಕಿ ಬಾಯಿ ಬಿಡಲಿಲ್ಲ, ನನ್ನ ಮಾನ ಉಳಿಸಿದ್ಲು ಅಂತ... ಆ ಅಕ್ಕಿ ಮತ್ತ್ಯಾಕ ಕೊಟ್ಟೆ ಅಂತ ಮಾಡಿ?”

ಮೊದಲು ನಕ್ಕವರು ಯಾರು ಎಂದು ಪಾರ್ವತೆಮ್ಮನಿಗೂ ಗೊತ್ತಿಲ್ಲ. ಅವಳು ಒಳಗಿನಿಂದ ಬರುವ ಹೊತ್ತಿಗೆ ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ದಾವಣಿ ಬಿಚ್ಚದಿದ್ದರೆ ಗೇಟು ತೆರೆದಿದ್ದರೂ ಬಳ್ಳಿ ಉಳಿಯುತ್ತಿತ್ತು, ಗೇಟು ಹಾಕಿದ್ದರೆ ದಾವಣಿ ಬಿಚ್ಚಿದ್ದರೂ ಉಳಿಯುತ್ತಿತ್ತು. ಇದನ್ನು ಬೇಗಂಗೆ ಹೇಳಬೇಕೋ ಬೇಡವೋ ಎಂಬ ಚರ್ಚೆ ಊಟ ಮುಗಿದರೂ ಮುಗಿಯಲಿಲ್ಲ.

“ಹೋಗ್ಲಿ ಬಿಡು ಕಾಕಾ, ಹಣ್ಣು ತಿನ್ನು. ಇನ್ನ ಆ ಬಳ್ಳಿ ಹಣ್ಣು ಸಿಗೂದಿಲ್ಲ,” ಎಂದಳು ಬೂದೆಮ್ಮ ಹೊರಡುವ ಮುಂಚೆ.

ಮೌನಪ್ಪ ತುಟಿ ಸರಿಸಿ ಬೋಳು ವಸಡು ತೋರಿಸಿದ. “ಎಲ್ಲಿ ತಿನ್ಲಿ ಬೇ? ಹಲ್ಲು ಹೋಗಿ ನಾಕು ವರ್ಷಾತು. ಬೀಜ ಒಸಡಿಗೆ ಚುಚ್ಚತಾವ. ಓಣಿ ಹುಡುಗ್ರು ತಿಂತಾರ.”

“ಮತ್ತ ಮೊದಲೇ ಹೇಳಬೇಕಿಲ್ಲ?”

“ಹೇಳಿದ್ರ ನೀ ಬರೂದು ಬಿಟ್ರ?”

ಆ ಸಲ ಅಕ್ಕಿಯ ಗಂಟು ಹಗುರವಾಗಿತ್ತು. ಅಷ್ಟೇ ಐದು ಸೇರು, ಆದರೂ.

ಮಳೆಗಾಲಕ್ಕೆ ಮುಂಚೆ ಕಲ್ಲಿನವರು ಬಂದರು. ಬೇಗಂ ಅವಳಿಗೆ ಸವರುವ ಕತ್ತರಿ ಕೊ‌ಟ್ಟಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಕಡ್ಡಿಗಳ ಜೊತೆ ರೈಲಿನಲ್ಲಿ ಬಂದದ್ದು. ಅದನ್ನು ಬಟ್ಟೆಯಲ್ಲಿ ಸುತ್ತಿ ಜಂತಿಗೆ ಸಿಗಿಸಿದಳು. ಕತ್ತರಿಸಲು ಏನೂ ಇರಲಿಲ್ಲ. ಆದರೂ ವಾರಕ್ಕೊಮ್ಮೆ ತೆಗೆದು ಎಣ್ಣೆ ಹಚ್ಚುತ್ತಿದ್ದಳು. ಬೇಗಂ, ಮೌನಪ್ಪ, ಕುಂಟ ಆಡು, ಮೂವರ ಋಣವನ್ನೂ ಅವಳು ಬಾಯ್ತುಂಬ ನೆನೆಯುತ್ತಿದ್ದಳು. ಆಡನ್ನು ಸೇರಿಸುವುದು ಕೇಳಿ ಅಂಬಣ್ಣ ನಗುತ್ತಿದ್ದ.

ಎಂಬತ್ತೆಂಟರ ಮಾರ್ಚು ಬಂತು. ಬೂದೆಮ್ಮ ಬೆಳಿಗ್ಗೆ ಎದ್ದು ಸೀರೆ ಉಟ್ಟು ಬಸ್ಸು ಹತ್ತಿದಳು. ತೊಡೆಯ ಮೇಲೆ ಬುಟ್ಟಿ ಇಲ್ಲದೆ ಕೈ ಎಲ್ಲಿಡಬೇಕೆಂದು ಸಿರವಾರದ ತನಕ ತಿಳಿಯಲಿಲ್ಲ. ಬರಿಗೈಲಿ ಒಬ್ಬರ ಮನೆಗೆ ಹೋಗುವುದು ಹೇಗೆ? ಬಸ್ ನಿಲ್ದಾಣದಲ್ಲಿ ಏನಾದರೂ ಕೊಳ್ಳೋಣವೆಂದು ನಿಂತಳು. ತಳ್ಳುಗಾಡಿಯಲ್ಲಿ ಬೀಜವಿಲ್ಲದ ದ್ರಾಕ್ಷಿ ರಾಶಿ ಬಿದ್ದಿತ್ತು. ನೋಡಿ, ಕೊಳ್ಳದೆ ಮುಂದೆ ನಡೆದಳು.

ಮೌನಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವಳ ಖಾಲಿ ಕೈ ನೋಡಿದ. ಮುಖ ಅರಳಿತು.

“ಬಂದ್ಯಲ್ಲ ಬೇ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದ. “ಕೂಡು. ಆ ಬಯಲಾಟ ಹೆಂಗಿತ್ತು ಅಂತ ಹದಿನಾಕು ವರ್ಷ ಒಬ್ಬರ ಮುಂದೂ ಹೇಳಿಲ್ಲ ನಾನು. ಹೊಟ್ಟ್ಯಾಗ ಇಟ್ಕಂಡು ಇಟ್ಕಂಡು ಸಾಕಾಗೇದ. ಎಲ್ಲಾರಕಿಂತ ಮೊದಲ ಬರೂ ಸಾರಥಿ ಏನ್ ಕುಣದಾ ಅಂತೀ!”

ಅವಳು ಸೆರಗು ಸರಿ ಮಾಡಿಕೊಂಡು ಅವನ ಪಕ್ಕ ಕೂತಳು. ಮುದುಕ ಕೋಲು ನೆಲಕ್ಕೆ ಕುಟ್ಟಿ ತಾಳ ಹಿಡಿದು ಶುರು ಮಾಡಿದ. ನಾಲ್ಕು ಗಂಟೆಯ ಬಸ್ಸು ಹಾರ್ನು ಹಾಕಿ ಹೋಯಿತು, ಆರರದ್ದೂ ಹೋಯಿತು. ಆಟದಲ್ಲಿ ಇನ್ನೂ ರಾಜ ಬಂದಿರಲಿಲ್ಲ.